ಮರಳಿ ಬರುತ್ತೇನೆಂದು ನಂಬಿದವರಿಗೆ

23 ದಿನಗಳ ನನ್ನ ಮೊದಲ ವಿದೇಶ ಪ್ರವಾಸ ಮುಗಿಸಿ ಮನೆ ಸೇರಿ ಒಂದು ವಾರವಾಯಿತು. ಬ್ಯಾಗು ಇನ್ನೂ ಪೂರ್ತಿ ಖಾಲಿಯಾಗಿಲ್ಲ, ನಿದ್ದೆ ಇನ್ನೂ ಹಳೆಯ ಹೊತ್ತಿಗೆ ಹೊಂದಿಕೊಂಡಿಲ್ಲ. ಆದರೂ ಈ ಬರಹವನ್ನು ಮುಂದೂಡಲು ಮನಸ್ಸಾಗಲಿಲ್ಲ. ಹೋದದ್ದು ನಾನೊಬ್ಬನೇ ಆದರೂ ನನ್ನನ್ನು ಕಳುಹಿಸಿಕೊಟ್ಟವರು ಹಲವರು, ಮತ್ತು ಅವರಲ್ಲಿ ಹೆಚ್ಚಿನವರು ಸ್ವತಃ ಎಲ್ಲಿಗೂ ಹೋದವರಲ್ಲ.

ಎರಡು ವರ್ಷಗಳ ಹಿಂದೆ, ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಅನ್ವಯಿಸುವ ಷೆಂಗೆನ್ ವೀಸಾಕ್ಕೆ ನಾನು ಹಾಕಿದ ಮೊದಲ ಅರ್ಜಿ ತಿರಸ್ಕೃತವಾಗಿತ್ತು. ತಿರಸ್ಕಾರಕ್ಕೆಂದೇ ಒಂದು ಸಿದ್ಧ ನಮೂನೆಯಿದೆ. ಕಾರಣಗಳೆಲ್ಲ ಮೊದಲೇ ಅಚ್ಚಾಗಿರುತ್ತವೆ, ಅನ್ವಯಿಸುವುದರ ಮುಂದೆ ಗುರುತು ಹಾಕಿ ಕೊಡುತ್ತಾರೆ. ವೀಸಾ ಅವಧಿ ಮುಗಿಯುವುದರೊಳಗೆ ಅರ್ಜಿದಾರ ಮರಳಿ ಹೊರಡುವ ಉದ್ದೇಶ ಹೊಂದಿರುವ ಬಗ್ಗೆ ಸಂಶಯವಿದೆ ಎಂಬರ್ಥದ ಸಾಲಿನ ಮುಂದೆ ನನ್ನ ಹಾಳೆಯಲ್ಲಿ ಗುರುತು ಬಿದ್ದಿತ್ತು. ಹಣ ಸಾಲದೆಂದಿದ್ದರೆ ಕೂಡಿಡಬಹುದಿತ್ತು, ದಾಖಲೆ ಸಾಲದೆಂದಿದ್ದರೆ ಒದಗಿಸಬಹುದಿತ್ತು. ಮರಳಿ ಬರುತ್ತೇನೆ ಎಂಬುದನ್ನು ಹೋಗುವ ಮೊದಲೇ ಸಾಬೀತು ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅವಮಾನವೂ ಆಯಿತು, ಒಂದು ತಿಂಗಳು ಯಾರಿಗೂ ಹೇಳಲಿಲ್ಲ.

ಹೋಗಬೇಕೆಂಬ ಹಂಬಲ ಹುಟ್ಟಿದ್ದು ಎಲ್ಲಿ ಎಂದು ನೋಡಿದರೆ, ಮೊದಲ ಋಣ ನಮ್ಮ ಗ್ರಂಥಪಾಲಕರದು. ಹನ್ನೆರಡನೆಯ ವಯಸ್ಸಿನಲ್ಲಿ ಮಳೆಗೆ ಸಿಕ್ಕಿ ಗ್ರಂಥಾಲಯ ಹೊಕ್ಕ ನನಗೆ ಅವರು ಹರಿದ ಅಟ್ಲಾಸೊಂದನ್ನು ಕೊಟ್ಟು, ಅದರ ಮೇಲೆ ಬೆರಳಿಟ್ಟು ಇಬ್ನ್ ಬತೂತಾನ ದಾರಿಯನ್ನು ತೋರಿಸಿದ್ದರು. 1325ರಲ್ಲಿ ಮೊರಾಕ್ಕೋದ ಟ್ಯಾಂಜಿಯರ್‌ನಿಂದ 21ರ ಹರೆಯದಲ್ಲಿ ಒಂಟಿಯಾಗಿ ಮೆಕ್ಕಾ ಯಾತ್ರೆಗೆ ಹೊರಟವನು ದೆಹಲಿ, ಮಾಲ್ಡೀವ್ಸ್, ಚೀನಾಗಳನ್ನು ಸುತ್ತಿ ಮೊರಾಕ್ಕೋಗೆ ಮರಳಿದ್ದು 1349ರಲ್ಲಿ. ಆ ಬೆರಳು ಸಮುದ್ರ ದಾಟಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಆದರೆ ಆ ಕಥೆಯ ಇನ್ನೊಂದು ಮುಖ ನನಗೆ ತಿಳಿದದ್ದು ಬಹಳ ತಡವಾಗಿ. ಹೊರಡುವಾಗ ಅವನ ತಂದೆ ತಾಯಿ ಇಬ್ಬರೂ ಬದುಕಿದ್ದರು, ಅವರನ್ನು ಅಗಲುವ ದುಃಖವನ್ನು ಅವನೇ ಮುಂದೆ ಹೇಳಿ ಬರೆಸಿದ್ದಾನೆ. ಮರಳುವ ದಾರಿಯಲ್ಲಿ ಡಮಾಸ್ಕಸ್‌ನಲ್ಲಿದ್ದಾಗ ತಂದೆ ತೀರಿ ಹದಿನೈದು ವರ್ಷವಾಯಿತೆಂದೂ, ಊರು ಇನ್ನೇನು ಹತ್ತಿರವಾಯಿತು ಎನ್ನುವಾಗ ತಾಯಿ ಪ್ಲೇಗಿಗೆ ತುತ್ತಾದಳೆಂದೂ ಸುದ್ದಿ ಬಂತು.

ಇದನ್ನು ಓದಿದ ದಿನ ನಾನು ಅಪ್ಪ ಅಮ್ಮನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದೆ. ದೂರದ ಮೇಲಿನ ಸೆಳೆತಕ್ಕೆ ಜರ್ಮನ್ ಭಾಷೆಯಲ್ಲಿ 'ಫೆರ್ನ್‌ವೇ' ಎಂಬ ಪದವಿದೆ, ಅಕ್ಷರಶಃ 'ದೂರದ ನೋವು'. ಮನೆಯ ನೆನಪಿನ ನೋವಿಗೆ 'ಹೈಮ್‌ವೇ'. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಈ ಎರಡನೆಯದನ್ನು ಕಾಯಿಲೆಯೆಂದೇ ಪರಿಗಣಿಸಿ, ಗ್ರೀಕ್ ಪದಗಳನ್ನು ಜೋಡಿಸಿ 'ನಾಸ್ಟಾಲ್ಜಿಯಾ' ಎಂಬ ಹೆಸರು ಕಟ್ಟಿದ. ಮೊದಲನೆಯದಕ್ಕೆ ಮದ್ದು ಹುಡುಕಿದ ವೈದ್ಯರ ಬಗ್ಗೆ ನಾನು ಕೇಳಿಲ್ಲ. ಎರಡೂ ಒಂದೇ ಎದೆಯಲ್ಲಿ ಒಟ್ಟಿಗೆ ಇರಬಲ್ಲವು ಎಂಬುದನ್ನು ನನಗೆ ತಿಳಿಸಿಕೊಟ್ಟವಳು ನಾನು ಪ್ರೀತಿಸುವ ಹುಡುಗಿ. ಹೆಸರು ಬರೆಯಬಾರದೆಂಬುದು ಅವಳ ಷರತ್ತು, ಹಾಗಾಗಿ ಬರೆಯುತ್ತಿಲ್ಲ.

ಹೋಗುವ ಮಾತೆತ್ತಿದಾಗಲೆಲ್ಲ ನಾನು ತಪ್ಪಿತಸ್ಥನಂತೆ ಕುಗ್ಗುತ್ತಿದ್ದೆ. ಪ್ರೀತಿಯಿದ್ದರೆ ಇರುವಲ್ಲಿಯೇ ಸುಖ ಕಾಣಬೇಕಲ್ಲವೇ, ಕಣ್ಣು ಯಾಕೆ ಸದಾ ನಕಾಶೆಯ ಮೇಲಿರುತ್ತದೆ ಎಂಬ ಪ್ರಶ್ನೆ ನನ್ನದೇ ಆಗಿತ್ತು. ಅವಳು ಅದನ್ನು ಒಮ್ಮೆಯೂ ಕೇಳಲಿಲ್ಲ. ತಿರಸ್ಕಾರದ ಹಾಳೆಯನ್ನು ಕೊನೆಗೂ ತೋರಿಸಿದಾಗ ಅವಳು ಅದನ್ನು ಎರಡು ಸಲ ಓದಿ, "ಈ ಸಂಶಯ ನನಗಿಲ್ಲ" ಎಂದಳು. ಸಮಾಧಾನದ ಮಾತು ಬೇರೇನೂ ಆಡಲಿಲ್ಲ. ಆಮೇಲಿನ ತಿಂಗಳುಗಳಲ್ಲಿ ನಾನು ಮತ್ತೆ ಅರ್ಜಿ ಹಾಕುವ ಧೈರ್ಯ ಮಾಡಿದ್ದು ಆ ಮೂರು ಪದಗಳ ಬಲದಿಂದ.

ಧೈರ್ಯವೊಂದರಿಂದಲೇ ಕಡತ ತುಂಬುವುದಿಲ್ಲ ಎಂಬುದೂ ನಿಜ. ಹಿಂದೆ ಒಮ್ಮೆ ಅರ್ಜಿ ಹಾಕಿ ಅನುಭವವಿದ್ದ ಗೆಳೆಯ ಎರಡು ಭಾನುವಾರ ಕೂತು ನನ್ನ ಕಾಗದಗಳನ್ನು ಸಾಲಾಗಿ ಜೋಡಿಸಿದ. ಮೊದಲ ಸಲ ನಾನು ಬರೆದಿದ್ದ ವಿವರಣಾ ಪತ್ರವನ್ನು ಓದಿ, "ಇದು ಕವಿತೆ, ಅರ್ಜಿಯಲ್ಲ" ಎಂದು ಪಕ್ಕಕ್ಕಿಟ್ಟ. ರಜೆ ಮಂಜೂರಾತಿ ಪತ್ರದಲ್ಲಿ ಕೆಲಸಕ್ಕೆ ಹಾಜರಾಗುವ ದಿನಾಂಕ ಸ್ಪಷ್ಟವಾಗಿರಬೇಕು, ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು, ವಾಪಸಾಗುವ ದಿನದ ಆಚೆಗೂ ಪಾಸ್‌ಪೋರ್ಟ್ ಮೂರು ತಿಂಗಳಾದರೂ ಊರ್ಜಿತವಿರಬೇಕು ಎಂದು ಒಂದೊಂದನ್ನೂ ಗುರುತು ಹಾಕಿಕೊಂಡು ನೋಡಿದ. ಆ ರಜೆ ಪತ್ರವನ್ನು ಮೂರು ಸಲ ತಿದ್ದಿಸಿದರೂ ಬೇಸರಿಸದೆ ಸಹಿ ಹಾಕಿದ ನನ್ನ ಮೇಲಧಿಕಾರಿಗೂ ವಂದನೆ. ಪ್ರೀತಿಸುವವರು ಮನೆಯಲ್ಲಿ ಕಾಯುತ್ತಿದ್ದಾರೆ ಎಂದು ತುಂಬಲು ಮಾತ್ರ ಅರ್ಜಿಯಲ್ಲಿ ಅಂಕಣವಿರಲಿಲ್ಲ.

ಈ ಸಲ ವೀಸಾ ಸಿಕ್ಕಿತು. ಪ್ರವಾಸದ ವರದಿ ಬರೆಯುವುದು ಇಲ್ಲಿ ನನ್ನ ಉದ್ದೇಶವಲ್ಲ, ಆದರೆ ಒಬ್ಬರಿಗೆ ಕೃತಜ್ಞತೆ ಹೇಳಲು ಅದರ ಕೊನೆಯ ಎರಡು ದಿನಗಳನ್ನು ಹೇಳಲೇಬೇಕು. ಸ್ಪೇನಿನ ದಕ್ಷಿಣದ ತುದಿಯಲ್ಲಿ, ಯೂರೋಪಿನ ಮುಖ್ಯ ಭೂಭಾಗ ಮುಗಿಯುವ ತರೀಫಾ ಎಂಬ ಊರಿನಲ್ಲಿ ನಿಂತರೆ ಆಫ್ರಿಕದ ಬೆಟ್ಟಗಳು ಬರಿಗಣ್ಣಿಗೆ ಕಾಣುತ್ತವೆ. ಜಿಬ್ರಾಲ್ಟರ್ ಜಲಸಂಧಿಯ ಅಗಲ ಅತಿ ಕಿರಿದಾದಲ್ಲಿ ಸುಮಾರು 14 ಕಿಲೋಮೀಟರು. ಮೊರಾಕ್ಕೋದ ವೀಸಾವೂ ಕೈಯಲ್ಲಿತ್ತು. ಫೆರಿ ಹತ್ತಿ ಸುಮಾರು ಒಂದು ಗಂಟೆಯಲ್ಲಿ ಟ್ಯಾಂಜಿಯರ್ ತಲುಪಿದೆ.

ಅಲ್ಲಿನ ಹಳೆಯ ಪೇಟೆಯ ಕಿರುಓಣಿಗಳಲ್ಲಿ ಇಬ್ನ್ ಬತೂತಾನದೆಂದು ಹೇಳುವ ಸಮಾಧಿಯನ್ನು ಹುಡುಕುತ್ತಾ ದಾರಿ ತಪ್ಪಿದ್ದೆ. ನನ್ನದೇ ವಯಸ್ಸಿನ ಹುಡುಗನೊಬ್ಬ ಕೆಲಸ ಬಿಟ್ಟು ಜೊತೆಗೆ ಬಂದು ಆ ಪುಟ್ಟ ಕಟ್ಟಡದ ಬಾಗಿಲವರೆಗೆ ಮುಟ್ಟಿಸಿದ. ಕೊಟ್ಟ ಹಣವನ್ನು ತೆಗೆದುಕೊಳ್ಳಲಿಲ್ಲ. ಬದಲಿಗೆ ಸಮುದ್ರ ಕಾಣುವ ಎತ್ತರಕ್ಕೆ ಕರೆದೊಯ್ದು, ನಾನು ಆ ಬೆಳಿಗ್ಗೆ ಬಿಟ್ಟುಬಂದ ದಡವನ್ನು ತೋರಿಸಿ, ಅಲ್ಲಿ ಹೇಗಿದೆ ಎಂದು ಕೇಳಿದ. ಅವನು ಮೂರು ಸಲ ಅರ್ಜಿ ಹಾಕಿದ್ದನಂತೆ. ಹುಟ್ಟಿದಾಗಿನಿಂದ ಕಣ್ಣೆದುರಿಗಿರುವ ದಡವನ್ನು ಅವನು ತುಳಿದಿಲ್ಲ. ನಾನು ಸಾವಿರಾರು ಕಿಲೋಮೀಟರು ಆಚೆಯಿಂದ ಬಂದು ತುಳಿದು, ದಾಟಿ, ಅವನ ಪಕ್ಕದಲ್ಲಿ ನಿಂತಿದ್ದೆ. ಗಾಳಿ ಬಹಳ ಜೋರು ಎಂದಷ್ಟೇ ಹೇಳಿದೆ. ಇನ್ನೂ ಒಳ್ಳೆಯ ಉತ್ತರ ಕೊಡಬಹುದಿತ್ತು ಎಂದು ಈಗಲೂ ಅನಿಸುತ್ತದೆ. ನನ್ನ ಭಾಷೆ ಬಾರದ ಆ ಗೆಳೆಯನಿಗೆ ಈ ಕೃತಜ್ಞತೆ ತಲುಪುವುದಿಲ್ಲ, ಆದರೂ ಬರೆಯದೆ ಬಿಡಲಾರೆ: ಗಡಿ ದಾಟಲು ಸಿಕ್ಕ ಅನುಮತಿ ನನ್ನ ಯೋಗ್ಯತೆಗೆ ಸಂದ ಬಹುಮಾನವೆಂದು ಒಳಗೊಳಗೇ ಬೀಗುತ್ತಿದ್ದೆ. ಆ ಹಮ್ಮನ್ನು ಇಳಿಸಿದವನು ಅವನು.

ಮರುದಿನ ಅಲ್ಲಿಂದಲೇ ವಿಮಾನ ಹತ್ತಿದೆ. ಆ ವಿಮಾನ ನಿಲ್ದಾಣಕ್ಕೆ ಇಟ್ಟಿರುವುದು ಇಬ್ನ್ ಬತೂತಾನ ಹೆಸರನ್ನೇ. ಅವನಿಗೆ 24 ವರ್ಷ ಹಿಡಿದ ಹೋಗಿ ಬರುವಿಕೆ ನನಗೆ 23 ದಿನದಲ್ಲಿ ಮುಗಿಯಿತು. ಬಾಗಿಲು ತೆರೆದಾಗ ಅಪ್ಪ ಅಮ್ಮ ಇಬ್ಬರೂ ಎದುರಿಗಿದ್ದರು ಎಂಬುದನ್ನು ನಾನು ಸಾಧಾರಣ ಸಂಗತಿಯೆಂದು ಇನ್ನು ಮುಂದೆ ಭಾವಿಸಲಾರೆ. ಬೀಳ್ಕೊಡುವಾಗ ಅಮ್ಮ ಅಳಲಿಲ್ಲವೆಂದು ನಾನು ಹೆಮ್ಮೆಪಟ್ಟಿದ್ದೆ. ಅತ್ತದ್ದು ಆಮೇಲೆ ಎಂದು ಈ ವಾರ ತಿಳಿಯಿತು. ಅದಕ್ಕೂ, ಅದನ್ನು ನನ್ನಿಂದ ಮುಚ್ಚಿಟ್ಟದ್ದಕ್ಕೂ ಅಮ್ಮನಿಗೆ ನಮಸ್ಕಾರ.

ಗ್ರಂಥಪಾಲಕರು ನಿವೃತ್ತರಾಗಿದ್ದಾರೆ. ಸಮಾಧಿಯ ಚಿತ್ರವನ್ನು ಅವರ ಮನೆಗೆ ಹೋಗಿ ಕೊಟ್ಟು ಬಂದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಅಟ್ಲಾಸಿನ ಆ ಪುಟ ಹರಿದದ್ದು ನನ್ನಿಂದಲೇ ಎಂದು ನೆನಪಿಸಿದರು.

ನಿನ್ನೆ ಅವಳ ಪಾಸ್‌ಪೋರ್ಟ್ ಅರ್ಜಿಯನ್ನು ಭರ್ತಿ ಮಾಡಲು ಇಬ್ಬರೂ ನಮ್ಮ ಮನೆಯಲ್ಲಿ ಕೂತಿದ್ದೆವು. ಇಬ್ಬರೂ ಒಟ್ಟಿಗೆ ಹೊರಟುಬಿಟ್ಟರೆ ಮರಳಿ ಬರುತ್ತೇವೆಂಬುದಕ್ಕೆ ಪುರಾವೆ ಯಾರು ಎಂದು ಅವಳು ತಮಾಷೆಗೆ ಕೇಳಿದಳು. ಅಪ್ಪ ಓದುತ್ತಿದ್ದ ಪತ್ರಿಕೆಯಿಂದ ತಲೆಯೆತ್ತದೆ, "ನಾವು" ಎಂದರು.