ಸ್ಯಾಮಸ್ ಅವರ ರ‍್ಯಾಪ್ ಕೇಳಲು ಶಿಫಾರಸು

ಗುಂಪಿನ ಸದಸ್ಯರ ಗಮನಕ್ಕೆ: ವಿಡಿಯೋ ಗೇಮ್‌ಗಳನ್ನೇ ವಸ್ತುವಾಗಿಸಿಕೊಂಡು ರ‍್ಯಾಪ್ ಬರೆಯುವವರ ಪೈಕಿ ಅಮೆರಿಕದ ಸ್ಯಾಮಸ್ ಅವರ ಹೆಸರು ನಮ್ಮಲ್ಲಿ ಇನ್ನೂ ಹೆಚ್ಚು ಜನರ ಕಿವಿಗೆ ಬಿದ್ದಿಲ್ಲವಾದ್ದರಿಂದ, ಅವರ ಹಾಡುಗಳನ್ನು ತಪ್ಪದೆ ಕೇಳಬೇಕೆಂದು ಕೋರುತ್ತೇನೆ. ಜಪಾನಿನ ವಿಡಿಯೋ ಗೇಮ್ ಕಂಪನಿ ನಿಂಟೆಂಡೊ 1986ರಲ್ಲಿ ಹೊರತಂದ ಮೆಟ್ರಾಯ್ಡ್ ಆಟದ ನಾಯಕಿಯಿಂದ ಈ ಹೆಸರು ಬಂದಿದೆ. ಆಟವನ್ನು ಬೇಗ ಮುಗಿಸಿದವರಿಗೆ ಮಾತ್ರ ಕೊನೆಯಲ್ಲಿ ಆ ಪಾತ್ರದ ಮೈಮೇಲಿನ ಕವಚ ಕಳಚಿ, ಅಷ್ಟು ಹೊತ್ತು ಹೋರಾಡಿದ್ದು ಒಬ್ಬ ಹೆಣ್ಣು ಎಂಬುದು ಕಾಣಿಸುತ್ತಿತ್ತು. ಆ ನಾಯಕಿಯ ಕಥೆಯನ್ನೇ ಹಿಡಿದು ಸ್ಯಾಮಸ್ 2014ರಲ್ಲಿ ಒಂದು ಹಾಡುಗಳ ಗುಚ್ಛವನ್ನು ತಂದರು. ಬೀಟ್‌ಗಳನ್ನೂ, ಅಂದರೆ ರ‍್ಯಾಪ್‌ನ ಹಿನ್ನೆಲೆಯ ತಾಳ-ಸಂಗೀತವನ್ನೂ, ಅವರೇ ಕಟ್ಟುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದವರೂ ಹೌದು. ಆಟವಾಡದವರಿಗೆ ಕೆಲವು ಸಾಲುಗಳು ಹಿಡಿಯದಿರಬಹುದು. ನನ್ನ ಮಟ್ಟಿಗೆ ಅದು ಕೊರತೆಯಲ್ಲ. ಕೇಳಿದವರು ಅಭಿಪ್ರಾಯವನ್ನು ಇಲ್ಲಿಯೇ ಬರೆಯಬೇಕಾಗಿ ವಿನಂತಿ.