ಮೊದಲ ಪೋಲ್ ಕ್ಲಾಸಿಗೆ ಮುಂಚೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪ್ಲಾನ್ ಎರಡು ಸಲ ಓದಿದೆ. ನೆಟ್ಟಗೆ ನಿಲ್ಲಿಸಿದ ಲೋಹದ ಕಂಬದ ಮೇಲೆ ಕಲಿಸುವ ಒಂದು ಗಂಟೆಯ ಪೋಲ್ ಡಾನ್ಸ್ ಕ್ಲಾಸು, ಅದರಲ್ಲಿ ಹನ್ನೊಂದು ಮೂವ್‌ಗಳು, ಕೊನೆಗೆ ಎಲ್ಲವನ್ನೂ ಸೇರಿಸಿ ಒಂದು ಪುಟ್ಟ ಡಾನ್ಸು. ಮೊದಲ ಸಲ ಕಲಿಸಲು ಹೊರಟವನ ಹುರುಪು ಪ್ರತಿ ಸಾಲಿನಲ್ಲೂ ಕಾಣುತ್ತದೆ, ಓದಿ ಖುಷಿಯಾಯಿತು. ಆದರೂ ಹೇಳುತ್ತೇನೆ, ಹನ್ನೊಂದರಲ್ಲಿ ಎಂಟನ್ನು ತೆಗೆದುಹಾಕು. ಆಮೇಲೆ ನಿನ್ನ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಒಂದನ್ನು ಎಲ್ಲಕ್ಕಿಂತ ಮೊದಲು ಸೇರಿಸು: ಇಳಿಯುವುದು.

ಇದನ್ನು ನಾನು ಹೇಗೆ ಕಲಿತೆ ಅಂತ ನಿನಗೆ ಇದುವರೆಗೆ ಹೇಳಿಲ್ಲ. ನನ್ನ ಮೊದಲ ಕ್ಲಾಸಿಗೆ ಆರು ಜನ ಬಂದಿದ್ದರು. ಅರ್ಧ ಗಂಟೆಯೊಳಗೇ ಪೋಲ್ ಹತ್ತುವುದನ್ನು ತೋರಿಸಿಬಿಟ್ಟೆ. ಒಬ್ಬಳು ಒಳ್ಳೆಯ ಗಟ್ಟಿಗಿತ್ತಿ, ನೋಡನೋಡುತ್ತಲೇ ಎರಡು ಹೆಜ್ಜೆ ಮೇಲೆ ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವಳು ಮಾತ್ರ ಅಲ್ಲೇ ನಿಂತುಬಿಟ್ಟಳು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು, ಮುಂಗೈ ನಡುಗುತ್ತಿತ್ತು. 'ಈಗ ಏನು ಮಾಡ್ಲಿ?' ಅಂತ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಸೋತು ಜರ್ರನೆ ಜಾರಿದಳು. ಒಳತೊಡೆಯ ಚರ್ಮ ಉಜ್ಜಿಹೋಯಿತು. ಮೊಣಕಾಲು ಬಗ್ಗಿಸದೆ ನೆಲಕ್ಕೆ ಇಳಿದಿದ್ದರಿಂದ ಕಾಲಿನ ಮಣಿಕಟ್ಟು ಉಳುಕಿತು. ಮುರಿಯಲಿಲ್ಲ, ಪುಣ್ಯ. ಆದರೆ ಅವಳು ಮತ್ತೆ ಬರಲಿಲ್ಲ. ತಪ್ಪು ಅವಳದಲ್ಲ. ಹತ್ತುವುದನ್ನು ಹೇಳಿಕೊಟ್ಟು ಇಳಿಯುವುದನ್ನು ಹೇಳಿಕೊಡದೆ ಬಿಟ್ಟವಳು ನಾನು.

ಅದಕ್ಕೇ ಈಗ ನನ್ನ ಕ್ಲಾಸುಗಳಲ್ಲಿ ಮೊದಲು ಇಳಿಯುವುದೇ ಬರುವುದು. ನೆಲದಿಂದ ಒಂದು ಗೇಣು ಎತ್ತರ ಸಾಕು. ಎರಡೂ ಕೈಯಲ್ಲಿ ಹಿಡಿದು, ಮೊಣಕಾಲುಗಳ ನಡುವೆ ಪೋಲನ್ನು ಒತ್ತಿಕೊಂಡು, ಒಂದು ಉಸಿರು ನಿಲ್ಲಬೇಕು. ಆಮೇಲೆ ಮೇಲಿನ ಕೈಯನ್ನು ಕೆಳಗಿನ ಕೈಯ ಅಡಿಗೆ ತಂದು, ಕಾಲಿನ ಒತ್ತಡವನ್ನು ಬ್ರೇಕಿನ ಹಾಗೆ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬರಬೇಕು. ಪಾದದ ಮುಂಭಾಗ ಮೊದಲು ನೆಲ ಮುಟ್ಟಬೇಕು, ಮೊಣಕಾಲು ಬಗ್ಗಿರಬೇಕು. ಎರಡೂ ಪಾದ ನೆಲದಲ್ಲಿ ಊರುವವರೆಗೆ ಕೈ ಬಿಡಬಾರದು. ಇಷ್ಟನ್ನು ನಾಲ್ಕೈದು ಸಲ ಮಾಡಿಸು. ನೋಡುವವರಿಗೆ ಇದರಲ್ಲಿ ಏನೂ ಅಂದಚಂದ ಇಲ್ಲ. ಆದರೆ ಇದಾದ ಮೇಲೆ ಅವರ ಮುಖ ನೋಡು. ಬಾಗಿಲಲ್ಲಿ ಬರುವಾಗ ಇದ್ದ ಬಿಗಿ ಅರ್ಧ ಹೋಗಿರುತ್ತದೆ.

ಎರಡನೆಯದು ಹೆಗಲು. ಇದರ ಬಗ್ಗೆ ನಾನು ಎಷ್ಟು ಹೇಳಿದರೂ ಕಮ್ಮಿಯೇ. ಹೊಸಬರು ಕೈ ಮೇಲೆತ್ತಿ ಪೋಲ್ ಹಿಡಿದ ತಕ್ಷಣ ಒದ್ದೆ ಬಟ್ಟೆ ಹಗ್ಗಕ್ಕೆ ಹಾಕಿದ ಹಾಗೆ ಜೋತು ಬೀಳುತ್ತಾರೆ. ಹೆಗಲು ಕಿವಿಗೆ ತಾಗಿರುತ್ತದೆ, ಕತ್ತು ಕಾಣುವುದೇ ಇಲ್ಲ. ಆಗ ಮೈಯ ಭಾರವೆಲ್ಲ ಸ್ನಾಯು ಬಿಟ್ಟು ಕೀಲಿನ ಮೇಲೆ ಬೀಳುತ್ತದೆ. ಮೊದಲ ದಿನ ನೋವು ಗೊತ್ತಾಗುವುದಿಲ್ಲ, ಒಂದು ತಿಂಗಳಾದ ಮೇಲೆ ಗೊತ್ತಾಗುತ್ತದೆ. ನಾನು 'ಹೆಗಲು ಕೆಳಗಿಳಿಸಿ' ಅಂತ ಬಹಳ ದಿನ ಹೇಳಿ ನೋಡಿದೆ. ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. ಈಗ 'ಪೋಲನ್ನು ಹಿಡಿದು ನೆಲದೊಳಗೆ ಎಳೆಯಿರಿ' ಅನ್ನುತ್ತೇನೆ. ಹಾಗೆ ಎಳೆಯಲು ಹೋದರೆ ಬೆನ್ನಿನ ಮೇಲಿನ ಎರಡು ರೆಕ್ಕೆಯಂಥ ಮೂಳೆಗಳು ತಾವಾಗಿಯೇ ಕೆಳಗೆ ಸರಿಯುತ್ತವೆ, ಕತ್ತು ಉದ್ದವಾಗುತ್ತದೆ. ಕಾಲು ನೆಲದಲ್ಲೇ ಇರುವಾಗ ಇದನ್ನು ಮಾಡಿಸು. ಅದು ಬಂದವರಿಗೆ ಮಾತ್ರ ಸ್ಪಿನ್ ಕೊಡು, ಅಂದರೆ ಪೋಲ್ ಹಿಡಿದು ನೆಲ ಬಿಟ್ಟು ಸುತ್ತ ತಿರುಗುವುದು.

ಸ್ಪಿನ್ ಅಂದರೆ ಫೈರ್‌ಮನ್ ಸ್ಪಿನ್ ಒಂದೇ ಸಾಕು. ಕುರ್ಚಿಯಲ್ಲಿ ಕೂತ ಹಾಗೆ ತಿರುಗುವ ಚೇರ್ ಸ್ಪಿನ್ ನಿನಗೆ ಇಷ್ಟ ಅಂತ ಗೊತ್ತು, ಆದರೆ ಅದರಲ್ಲಿ ಕಾಲಿನ ಆಸರೆ ಇಲ್ಲ, ಎಲ್ಲ ಭಾರವೂ ಕೈ ಮೇಲೆ. ಫೈರ್‌ಮನ್‌ನಲ್ಲಿ ಮೊಣಕಾಲುಗಳು ಪೋಲ್ ಹಿಡಿದುಕೊಳ್ಳುತ್ತವೆ, ಅದಕ್ಕೇ ಮೊದಲು ಅದು. ಪೋಲ್ ಪಕ್ಕದಲ್ಲಿ ನಿಂತು, ಪೋಲಿಗೆ ಹತ್ತಿರದ ಕೈ ತಲೆಯ ಮೇಲೆ, ದೂರದ ಕೈ ಎದೆಯ ಮಟ್ಟದಲ್ಲಿ. ಹತ್ತಿರದ ಕಾಲಿನಲ್ಲಿ ಹೆಜ್ಜೆ ಇಟ್ಟು, ಹೊರಗಿನ ಕಾಲನ್ನು ಅಗಲವಾಗಿ ಸುತ್ತು ಬೀಸಬೇಕು. ಆ ಬೀಸಿನಿಂದಲೇ ತಿರುಗುವ ವೇಗ ಬರುತ್ತದೆ. ಬಹಳ ಜನ ಇಲ್ಲಿ ಬೀಸುವ ಬದಲು ನೇರ ಮೇಲಕ್ಕೆ ಹಾರುತ್ತಾರೆ, ಹಾರಿ ಪೋಲಿಗೆ ಡಿಕ್ಕಿ ಹೊಡೆದು ಅಲ್ಲೇ ನಿಂತುಬಿಡುತ್ತಾರೆ. 'ಹಾರಬೇಡಿ, ಪೋಲನ್ನು ಸುತ್ತಿ ನಡೆಯುತ್ತಾ ನಡೆಯುತ್ತಾ ಕಾಲು ಎತ್ತಿಬಿಡಿ' ಅಂತ ಹೇಳು. ಮೊದಲು ಸುಮ್ನೆ ಸುತ್ತ ನಡೆಯಲಿ. ಆಮೇಲೆ ನಡೆಯುತ್ತಾ ಕೈಗೆ ಭಾರ ಬಿಡಲಿ. ಅದಾದ ಮೇಲೆ ಕಾಲು. ನಾನು ಒಂದು ಸಲ ಪೂರ್ತಿ ಮಾಡಿ ತೋರಿಸುತ್ತೇನೆ, ಒಂದು ಸಲ ನಿಧಾನವಾಗಿ ಬಾಯಲ್ಲಿ ಹೇಳುತ್ತಾ, ಮತ್ತೊಂದು ಸಲ ಮಾತಿಲ್ಲದೆ. ಮೂರನೆಯದರಲ್ಲೇ ಅವರು ನಿಜವಾಗಿ ನೋಡುವುದು.

ಎಡಗಡೆಯನ್ನು ಬಿಡಬೇಡ. ಬಲಕ್ಕೆ ಎಷ್ಟು ಸಲ ತಿರುಗಿದರೋ ಎಡಕ್ಕೂ ಅಷ್ಟೇ ಸಲ. ಮುಖ ಸಣ್ಣಗೆ ಮಾಡುತ್ತಾರೆ, 'ಈ ಕಡೆ ಆಗಲ್ಲ' ಅನ್ನುತ್ತಾರೆ. ಮೊದಲ ದಿನವೇ ಎರಡೂ ಕಡೆ ಅಭ್ಯಾಸ ಮಾಡಿಸದಿದ್ದರೆ ಆಮೇಲೆ ಯಾವತ್ತೂ ಮಾಡುವುದಿಲ್ಲ. ಮೈ ಒಂದೇ ಕಡೆ ಬಲಿಯುತ್ತದೆ, ನೋವೂ ಒಂದೇ ಕಡೆ ಶುರುವಾಗುತ್ತದೆ.

ಪೋಲ್ ಸ್ಟ್ಯಾಟಿಕ್‌ನಲ್ಲೇ ಇರಲಿ, ಅಂದರೆ ತಿರುಗದ ಹಾಗೆ ಲಾಕ್ ಆಗಿರಲಿ. ಪೋಲೇ ತಿರುಗುವ ಹಾಗೆ ಬಿಟ್ಟರೆ ಹೊಸಬರಿಗೆ ತಡೆಯುವುದು ಕಷ್ಟ. ಹೆದರಿದವರು ಕೈಕಾಲು ಮೈಗೆ ಎಳೆದುಕೊಳ್ಳುತ್ತಾರೆ ಅಲ್ವಾ? ಹಾಗೆ ಎಳೆದುಕೊಂಡಷ್ಟೂ ಪೋಲ್ ಜೋರಾಗಿ ತಿರುಗುತ್ತದೆ, ತಲೆ ಸುತ್ತುತ್ತದೆ. ಇನ್ನು ತಲೆಕೆಳಗಾಗುವ ಮಾತು. ಯಾರಾದರೂ ಕೇಳಿಯೇ ಕೇಳುತ್ತಾರೆ, ಫೋನಿನಲ್ಲಿ ವಿಡಿಯೋ ತೋರಿಸಿ ಇದು ಯಾವಾಗ ಅನ್ನುತ್ತಾರೆ. ಜಿಮ್‌ನಲ್ಲಿ ಎಷ್ಟೇ ಭಾರ ಎತ್ತುವವರಾದರೂ ಮೊದಲ ಕ್ಲಾಸಿನಲ್ಲಿ ಇನ್ವರ್ಟ್ ಬೇಡ. ಅವರ ತಾಕತ್ತಿನ ಬಗ್ಗೆ ನನಗೆ ಅನುಮಾನ ಇಲ್ಲ. ಕೈ ಜಾರಿದಾಗ ಏನು ಮಾಡಬೇಕು ಅನ್ನುವುದು ಮೈಗೆ ಇನ್ನೂ ಗೊತ್ತಿರುವುದಿಲ್ಲ, ಅಷ್ಟೆ.

ಕ್ಲಾಸಿಗೆ ಎರಡು ದಿನ ಮುಂಚೆ ಎಲ್ಲರಿಗೂ ಒಂದು ಮೆಸೇಜ್ ಹಾಕು. ಶಾರ್ಟ್ಸ್ ಹಾಕಿಕೊಂಡು ಬನ್ನಿ, ಮೇಲೆ ಪ್ಯಾಂಟ್ ಇರಲಿ, ಬೇಕಾದಾಗ ತೆಗೆಯಬಹುದು ಅಂತ. ಯಾಕೆ ಅಂತಲೂ ಬರಿ, ಇದು ಮುಖ್ಯ. ಬಟ್ಟೆ ಜಾರುತ್ತದೆ, ಚರ್ಮ ಹಿಡಿಯುತ್ತದೆ, ಅದಕ್ಕೆ ಶಾರ್ಟ್ಸ್. ಕಾರಣ ಹೇಳದಿದ್ದರೆ ಸಂಕೋಚದ ಸ್ವಭಾವದವರು ಬರುವುದನ್ನೇ ಬಿಡುತ್ತಾರೆ. ಆ ದಿನ ಮೈಗೆ ಎಣ್ಣೆ, ಲೋಷನ್ ಬೇಡ. ಉಂಗುರ, ಬಳೆ, ವಾಚ್ ತೆಗೆದಿಡಬೇಕು. ಅವು ಬೆರಳಿಗೂ ಪೆಟ್ಟು, ಪೋಲಿಗೂ ಗೀರು. ಭುಜ ಕಳಚಿದ್ದು, ಬೆನ್ನುನೋವು, ರಕ್ತದೊತ್ತಡ, ಬಸಿರು, ಇಂಥದ್ದನ್ನು ಎಲ್ಲರೆದುರು ಕೇಳಬೇಡ, ಬರೆದು ಕೊಡಲು ಹೇಳು.

ಪೋಲ್‌ಗಳನ್ನು ನೀನೇ ಪರೀಕ್ಷೆ ಮಾಡು, ಬೇರೆಯವರ ಮಾತು ನಂಬಿ ಬಿಡಬೇಡ. ಪ್ರತಿಯೊಂದನ್ನೂ ಹಿಡಿದು ಅಲುಗಿಸು, ಪೂರ್ತಿ ಭಾರ ಹಾಕಿ ಎರಡೂ ಕಡೆಗೆ ತಿರುಗಿ ನೋಡು. ಪೋಲ್ ತಿರುಗದಂತೆ ತಡೆಯುವ ಸ್ಪಿನ್ ಲಾಕ್ ಸ್ಕ್ರೂ ಬಿಗಿಯಾಗಿದೆಯಾ ನೋಡು. ನಿನ್ನಲ್ಲಿರುವುದು 45 ಮಿಲಿಮೀಟರ್ ದಪ್ಪದ ಪೋಲ್‌ಗಳು ಅಂದೆಯಲ್ಲ, ಹೆಚ್ಚಿನ ಕೈಗಳಿಗೆ ಅದು ಚೆನ್ನಾಗಿ ಕೂರುತ್ತದೆ. 50 ಮಿಲಿಮೀಟರಿನದಾದರೆ ಸಣ್ಣ ಅಂಗೈಯವರಿಗೆ ಬೆರಳು ಸುತ್ತಲು ಕಷ್ಟ. ಒಬ್ಬರು ಬಿಟ್ಟು ಇನ್ನೊಬ್ಬರು ಹಿಡಿಯುವ ಮುಂಚೆ ಸ್ಪಿರಿಟ್ ಹಾಕಿ ಬಟ್ಟೆಯಲ್ಲಿ ಒರೆಸಲಿ. ಒಂದು ಪೋಲಿಗೆ ಇಬ್ಬರಿಗಿಂತ ಜಾಸ್ತಿ ಬೇಡ. ಒಬ್ಬರು ಮಾಡುವಾಗ ಇನ್ನೊಬ್ಬರ ಕೈಗೆ ವಿಶ್ರಾಂತಿ ಸಿಗುತ್ತದೆ. ಅದು ಬೇಕು ಕಣೋ, ಹೊಸಬರ ಹಿಡಿತ ಇಪ್ಪತ್ತು ನಿಮಿಷಕ್ಕೇ ಸೋಲುತ್ತದೆ. ಬೆಳಿಗ್ಗೆಯ ಚಳಿಯಲ್ಲಿ ಪೋಲ್ ತಣ್ಣಗಿದ್ದರೆ ಜಾರುತ್ತದೆ, ಅಂಗೈಯಿಂದ ತಿಕ್ಕಿ ಬಿಸಿ ಮಾಡಲು ಹೇಳು.

ವಾರ್ಮ್ ಅಪ್ ಹದಿನೈದು ನಿಮಿಷ, ಒಂದು ನಿಮಿಷವೂ ಕಮ್ಮಿ ಮಾಡಬೇಡ. ಕೈಯ ಮಣಿಕಟ್ಟು, ಹೆಗಲು, ಸೊಂಟ. ಎಳೆದು ಹಿಡಿಯುವ ಸ್ಟ್ರೆಚ್‌ಗಳೆಲ್ಲ ಕೊನೆಗೆ ಇರಲಿ.

ನೀನು ಗಂಡಸು, ಬರುವವರಲ್ಲಿ ಹೆಚ್ಚಿನವರು ಹೆಂಗಸರು, ಮುಟ್ಟಿ ಸರಿಮಾಡಬಹುದಾ ಅಂತ ಕೇಳಿದ್ದೀಯ. ಇದು ನಿನಗೆ ಮಾತ್ರ ಅಲ್ಲ, ನನಗೂ ಅದೇ ನಿಯಮ. ಮೊದಲು ಕೇಳಬೇಕು. ಅದೂ ಪ್ರತಿ ಸಲ, ಎಲ್ಲಿ ಮುಟ್ಟುತ್ತೇನೆ ಅಂತ ಹೇಳಿ ಕೇಳಬೇಕು. 'ನಿಮ್ಮ ಬೆನ್ನಿನ ಮೇಲೆ ಎರಡು ಬೆರಳು ಇಡಲಾ?' ಅಂತ. ಅವರು ಒಂದು ಕ್ಷಣ ತಡೆದರೂ ಅದನ್ನು ಬೇಡ ಅಂತಲೇ ತಿಳಿದುಕೋ. ಆಗ ನಿನ್ನ ಮೈಮೇಲೇ ತೋರಿಸು. ಬೀಳುವಾಗ ಹಿಡಿಯುವುದು ಬೇರೆ ಮಾತು, ಆದರೆ ಅದನ್ನೂ ಶುರುವಿನಲ್ಲೇ ಎಲ್ಲರಿಗೂ ಹೇಳಿಬಿಡು. ವಿಡಿಯೋ ಮಾಡಿಕೊಳ್ಳುವವರಿಗೆ ಕೊನೆಯ ಐದು ನಿಮಿಷ ಕೊಡು. ಪಕ್ಕದವರು ಅದರಲ್ಲಿ ಕಾಣಬಾರದು.

ಇನ್ನೊಂದು ಮಾತು. 'ಇದು ತುಂಬಾ ಸುಲಭ' ಅಂತ ಯಾವತ್ತೂ ಹೇಳಬೇಡ. ಧೈರ್ಯ ತುಂಬಲಿಕ್ಕೆ ಅಂತಲೇ ನಾವು ಅದನ್ನು ಹೇಳುತ್ತೇವೆ, ಆದರೆ ಆಗದೆ ಹೋದವರಿಗೆ ಅದು ಚುಚ್ಚುತ್ತದೆ. ಸುಲಭದ್ದೇ ನನಗೆ ಬರಲಿಲ್ಲವಲ್ಲ ಅಂತ ಅನ್ನಿಸುತ್ತದೆ. 'ಇದು ಕಷ್ಟ, ಮೊದಲ ದಿನ ಅರ್ಧ ಸುತ್ತು ಬಂದರೂ ಬಂದ ಹಾಗೆ' ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳು. ನಾಳೆ ಪಾದದ ಮೇಲೆ, ಮೊಣಕಾಲಿನ ಒಳಗೆ ನೀಲಿ ಕಲೆ ಏಳುತ್ತದೆ, ಮುಂಗೈ ಹಿಡಿದುಕೊಳ್ಳುತ್ತದೆ, ಅದು ಸಹಜ. ಆದರೆ ಕೀಲಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಅದು ಬೇರೆ, ತಕ್ಷಣ ನಿಲ್ಲಿಸಿ ಅಂತ ಹೇಳು.

ಹೋದ ತಿಂಗಳು ಒಬ್ಬರು ಬಂದಿದ್ದರು. ಐವತ್ತು ದಾಟಿದ ವಯಸ್ಸು, ಗಂಟೆಯಿಡೀ ಒಂದು ಮಾತಿಲ್ಲ. ಸ್ಪಿನ್ ಆಗಲೇ ಇಲ್ಲ ಅವರಿಗೆ, ನಡೆದರು, ನಡೆದರು, ಬರೀ ನಡೆದರು. ಎಲ್ಲರೂ ಸ್ಟ್ರೆಚ್‌ಗೆ ಕೂತಾಗ ಅವರು ಹೋಗಿ ಮತ್ತೆ ಪೋಲ್ ಹಿಡಿದರು. ಹೆಗಲು ಕೆಳಗಿಳಿಯಿತು. ಒಂದು ಹೆಜ್ಜೆ, ಎರಡನೆಯದು, ಹೊರಗಿನ ಕಾಲು ಬೀಸಿತು, ಎರಡೂ ಪಾದ ನೆಲ ಬಿಟ್ಟವು. ಒಂದು ಸುತ್ತಿನ ನಾಲ್ಕನೇ ಒಂದು ಭಾಗವೂ ಇರಲಿಲ್ಲ ಅದು. ಮೊಣಕಾಲು ಬಗ್ಗಿಸಿ ಮೆತ್ತಗೆ ಇಳಿದರು, ಪಾದ ಊರಿದ ಮೇಲೆಯೇ ಕೈ ಬಿಟ್ಟರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ನನಗೆ ಗಂಟಲು ಕಟ್ಟಿತು, ಮಾತೇ ಬರಲಿಲ್ಲ.

ಕ್ಲಾಸ್ ಮುಗಿದ ರಾತ್ರಿ ಫೋನ್ ಮಾಡು, ಎಷ್ಟು ತಡವಾದರೂ ಎದ್ದಿರುತ್ತೇನೆ. ಯಾರು ಎಷ್ಟು ತಿರುಗಿದರು ಅನ್ನುವುದು ಆಮೇಲೆ. ಮೊದಲು ಎಲ್ಲರೂ ಹೇಗೆ ಇಳಿದರು ಅಂತ ಹೇಳು.

ಪ್ರೀತಿಯಿಂದ,
ನಿನ್ನ ಗೆಳತಿ