ವಾಘುಲ್ ಅವರಿಗೆ ಬೆಂಗಳೂರಿನ ಋಣ

ನಾರಾಯಣನ್ ವಾಘುಲ್ ಅವರು 2024ರ ಮೇ 18ರಂದು ಚೆನ್ನೈನಲ್ಲಿ ತೀರಿಕೊಂಡಾಗ ಎಲ್ಲರೂ ಅವರನ್ನು ದೊಡ್ಡ ಬ್ಯಾಂಕರ್ ಎಂದು ನೆನೆದರು. ಅದು ಸರಿಯೇ. 1981ರಲ್ಲಿ ಬ್ಯಾಂಕ್ ಆಫ್ ಇಂಡಿಯಾದ ಅಧ್ಯಕ್ಷರಾದರು, 1985ರಲ್ಲಿ ಐಸಿಐಸಿಐ (ಆಗ ಅದು ಉದ್ಯಮಗಳಿಗೆ ದೀರ್ಘಾವಧಿ ಸಾಲ ಕೊಡುವ ಸಂಸ್ಥೆ) ಚುಕ್ಕಾಣಿ ಹಿಡಿದರು, 1987ರಲ್ಲಿ ಕಂಪನಿಗಳ ಸಾಲದ ಯೋಗ್ಯತೆ ಅಳೆಯುವ ಕ್ರಿಸಿಲ್ ಹುಟ್ಟಲು ಕಾರಣರಾದರು. ಪದ್ಮಭೂಷಣವೂ ಸಂದಿತು. ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವ ಕಸುಬಿನಲ್ಲಿರುವ ನಾವು ಬೆಂಗಳೂರಿನವರು ಅವರಿಗೆ ಹೇಳಬೇಕಾದ ಧನ್ಯವಾದ ಇನ್ನೊಂದಿದೆ. ಅದನ್ನು ವಿವರವಾಗಿಯೇ ಹೇಳಬೇಕು.

ಕಿರಣ್ ಮಜುಂದಾರ್ ಷಾ 1978ರಲ್ಲಿ 10,000 ರೂಪಾಯಿ ಬಂಡವಾಳದಲ್ಲಿ, ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಶುರು ಮಾಡಿದರು. ಪಪ್ಪಾಯಿಯಿಂದ ಪಪೇನ್ ಎಂಬ ಕಿಣ್ವ ತೆಗೆಯುವುದು ಮೊದಲ ಕೆಲಸಗಳಲ್ಲೊಂದು. ಕೆಲ ವರ್ಷಗಳ ನಂತರ ತಟ್ಟೆಗಳ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ಪಡೆಯುವ, ಜಪಾನಿನಲ್ಲಿ ರೂಢಿಯಲ್ಲಿದ್ದಂಥ ವಿಧಾನಕ್ಕೆ ಕೈಹಾಕಿದರು.

ಈ ಕೆಲಸ ಎಷ್ಟು ನಾಜೂಕು ಎಂಬುದು ಮಾಡಿದವರಿಗೇ ಗೊತ್ತು. ಸಾಮಾನ್ಯವಾಗಿ ಗೋಧಿ ಬೂಸಾಕ್ಕೆ ನೀರು ಬೆರೆಸಿ, ಹಬೆಯಲ್ಲಿ ಬೇಯಿಸಿ, ಆರಿಸಿ, ಬೀಜಾಣು ಬೆರೆಸಿ ತಟ್ಟೆಗಳಲ್ಲಿ ತೆಳ್ಳಗೆ ಹರಡುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು. ನೀರು ಹೆಚ್ಚಾದರೆ ಬ್ಯಾಕ್ಟೀರಿಯಾ ಹತ್ತಿ ತಟ್ಟೆ ಹುಳಿ ವಾಸನೆ ಹೊಡೆಯುತ್ತದೆ. ಪದರ ದಪ್ಪವಾದರೆ ಶಿಲೀಂಧ್ರ ಬೆಳೆಯುವಾಗ ಹುಟ್ಟುವ ಬಿಸಿ ಹೊರಹೋಗದೆ ನಡುವಿನ ಭಾಗ ಬೆಂದಂತಾಗಿ ಸಾಯುತ್ತದೆ. ಒಂದೆರಡು ತಟ್ಟೆಯಲ್ಲಿ ಚೆನ್ನಾಗಿ ಬಂದದ್ದು ಕೋಣೆ ತುಂಬಾ ತಟ್ಟೆ ಜೋಡಿಸಿದಾಗ ಹಾಗೆಯೇ ಬರುತ್ತದೆಂಬ ಖಾತ್ರಿಯಿಲ್ಲ. ಇಂಥ ಯೋಜನೆಯಲ್ಲಿ ಬೆಲೆಬಾಳುವುದೆಲ್ಲ ಆ ಹದದ ಅರಿವಿನಲ್ಲಿದೆ. ಅದನ್ನು ಅಡಮಾನ ಇಡಲು ಬರುವುದಿಲ್ಲ.

1987ರಲ್ಲಿ ವಾಘುಲ್ ಬಯೋಕಾನ್‌ನ ಈ ಯೋಜನೆಗೆ ವೆಂಚರ್ ಹಣ, ಅಂದರೆ ಹೊಸ ಉದ್ಯಮಕ್ಕೆ ಅಪಾಯ ಅರಿತೇ ಹೂಡುವ ಬಂಡವಾಳ, ಒದಗಿಸಲು ಬೆಂಬಲವಾಗಿ ನಿಂತರು. ಮೊತ್ತ 2,50,000 ಡಾಲರ್, ಆಗಿನ ದರದಲ್ಲಿ ಸುಮಾರು 32 ಲಕ್ಷ ರೂಪಾಯಿ. ವೆಂಚರ್ ಬಂಡವಾಳಕ್ಕೆ ಕೇಂದ್ರ ಸರ್ಕಾರದ ಮೊದಲ ಮಾರ್ಗಸೂಚಿ ಬಂದದ್ದು 1988ರ ನವೆಂಬರ್‌ನಲ್ಲಿ. ಅಂದರೆ ಮುಂದೆ ಯಾರಾದರೂ ಲೆಕ್ಕ ಕೇಳಿದರೆ ತೋರಿಸಲು ನಿಯಮದ ಪುಸ್ತಕವೂ ಇರಲಿಲ್ಲ. 2004ರ ಏಪ್ರಿಲ್‌ನಲ್ಲಿ ಬಯೋಕಾನ್ ಷೇರು ಪೇಟೆಗೆ ಬಂದ ದಿನ ಅದರ ಮೌಲ್ಯ 100 ಕೋಟಿ ಡಾಲರ್ ದಾಟಿತು. ಆ ದಿನವನ್ನು ಎಲ್ಲರೂ ನೆನಪಿಟ್ಟಿದ್ದಾರೆ. ನಮಗೆ 1987ರ ಸಹಿಯೇ ದೊಡ್ಡದಾಗಿ ಕಾಣುತ್ತದೆ.

1988ರಲ್ಲಿ ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ ಸೇರಿ ಕಟ್ಟಿದ ಟಿಡಿಐಸಿಐ ಎಂಬ ವೆಂಚರ್ ಬಂಡವಾಳ ಕಂಪನಿ ಬೆಂಗಳೂರಿನಲ್ಲೇ ನೆಲೆಯೂರಿತು. ಮುಂದೆ ಅದೇ ಐಸಿಐಸಿಐ ವೆಂಚರ್ ಆಯಿತು. ಅದರ ಬೆಂಬಲದಿಂದ ಬೆಳೆದ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮುಂಬೈನ ಮಾಸ್ಟೆಕ್ ಒಂದು.

ಆ ಕಾಲದ ವೆಂಚರ್ ಹಣಕ್ಕೆ ಷರತ್ತುಬದ್ಧ ಸಾಲ ಎಂಬ ರೂಪವೂ ಇತ್ತು. ಇಂದಿನ ಹುಡುಗರಿಗೆ ಅದರ ಪರಿಚಯ ಇಲ್ಲ, ಇರಬೇಕಿತ್ತು. ಬಡ್ಡಿಯಿಲ್ಲ, ಮಾಲು ಮಾರಾಟವಾಗತೊಡಗಿದ ಮೇಲೆ ಮಾರಾಟದ ಶೇ 2ರಿಂದ 15ರವರೆಗೆ ರಾಯಧನ. 20 ಲಕ್ಷ ಪಡೆದು ಶೇ 5ಕ್ಕೆ ಒಪ್ಪಿದ ಕಂಪನಿ ಮೊದಲ ವರ್ಷ ಏನೂ ಮಾರದಿದ್ದರೆ ಕೊಡಬೇಕಾದ್ದು ಸೊನ್ನೆ, ಮೂರನೇ ವರ್ಷ 40 ಲಕ್ಷ ಮಾರಿದರೆ 2 ಲಕ್ಷ. ಅದೇ ಹಣ ಶೇ 15 ಬಡ್ಡಿಯ ಟರ್ಮ್ ಲೋನ್ (ನಿಗದಿತ ಅವಧಿಯ ಸಾಲ) ಆಗಿದ್ದರೆ ಯಂತ್ರ ತಿರುಗುವ ಮೊದಲೇ ವರ್ಷಕ್ಕೆ 3 ಲಕ್ಷ ಬಡ್ಡಿ ಬೀಳುತ್ತದೆ. ಪ್ರಯೋಗಕ್ಕೆ ಇಟ್ಟ ಹಣವೇ ಬಡ್ಡಿಗೆ ಹೋಗುತ್ತದೆ. ಎಷ್ಟೋ ಒಳ್ಳೆಯ ಯೋಜನೆಗಳು ಸಾಯುವುದು ಹೀಗೆಯೇ.

ದೋಷಗಳೂ ಇದ್ದವು. ರಾಯಧನ ಲಾಭದ ಮೇಲಲ್ಲ, ಮಾರಾಟದ ಮೇಲೆ. ಆದ್ದರಿಂದ ಲಾಭದ ಅಂಚು ತೆಳುವಾಗಿರುವ ಧಂದೆಗೆ ಅದು ಭಾರ. ಕಂಪನಿಯ ಷೇರಿನ ಮೌಲ್ಯ ನೂರು ಪಟ್ಟು ಬೆಳೆದರೂ ಹಣ ಕೊಟ್ಟವರಿಗೆ ಆ ಬೆಳವಣಿಗೆಯಲ್ಲಿ ಪಾಲಿಲ್ಲ, ಹಾಗಾಗಿ ಮುಳುಗಿದ ಯೋಜನೆಗಳ ನಷ್ಟ ತುಂಬುವುದು ಕಷ್ಟ. ಹಾಗೆಂದು ಷೇರು ತೆಗೆದುಕೊಂಡರೆ ಮಾರಿ ಹೊರಬರುವ ದಾರಿ ಇಕ್ಕಟ್ಟು: 1992ರವರೆಗೆ ಹೊಸ ಷೇರಿನ ಬೆಲೆಗೆ ದೆಹಲಿಯ ಬಂಡವಾಳ ನಿಯಂತ್ರಕರ ಒಪ್ಪಿಗೆ ಬೇಕಿತ್ತು. ಇಷ್ಟೆಲ್ಲ ಅಡ್ಡಿಯಿದ್ದೂ ಸಾಲ ಕೊಡುವುದಕ್ಕೆಂದೇ ಹುಟ್ಟಿದ ಸಂಸ್ಥೆಯೊಂದನ್ನು ವಾಘುಲ್ ಈ ಕೆಲಸಕ್ಕೆ ಒಗ್ಗಿಸಿದರು.

ವಾಘುಲ್ ಸರ್, ನಿಮಗೆ ಮನಸಾರೆ ಧನ್ಯವಾದ. ಇದೇ ಉಸಿರಿನಲ್ಲಿ, ನಿಮ್ಮ ಕಾಲದಲ್ಲಿ ಬ್ಯಾಲೆನ್ಸ್ ಶೀಟಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲದ ಕಂಪನಿಗಳ ಶೆಡ್ಡಿಗೆ ಹೋಗಿ, ಯಂತ್ರ ನೋಡಿ, ಪ್ರಯೋಗದ ದಾಖಲೆ ಪುಟ ಪುಟ ಓದಿ, ‘ಮಂಜೂರು ಮಾಡಬಹುದು’ ಎಂದು ತಮ್ಮ ಹೆಸರು ಹಾಕಿ ಟಿಪ್ಪಣಿ ಬರೆದ ಅಧಿಕಾರಿಗಳಿಗೂ ಕೈಮುಗಿಯುತ್ತೇವೆ. ಅವರಲ್ಲಿ ಬಹಳಷ್ಟು ಜನರ ಹೆಸರು ಯಾವ ಫಲಕದ ಮೇಲೂ ಇಲ್ಲ.